ನಿಮಗಿದು ಗೊತ್ತೇ? ರಕ್ತದಲ್ಲಿ ಕ್ಯಾನ್ಸರಿನ ಸುಳಿವು

ಮೊದಲ ಟ್ಯೂಮರ್ ಮಾರ್ಕರ್ ಸಿಕ್ಕಿದ್ದು ರಕ್ತದಲ್ಲಲ್ಲ, ಮೂತ್ರದಲ್ಲಿ! 1845ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಪರೀಕ್ಷಿಸಿದ ಆ ಮೂತ್ರ ಮೂಳೆನೋವಿನಿಂದ ನರಳುತ್ತಿದ್ದ ದಿನಸಿ ವ್ಯಾಪಾರಿಯೊಬ್ಬರದು. ಅದರಲ್ಲಿದ್ದ ಪ್ರೋಟೀನ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಕುದಿಸಿದರೆ ಕರಗುತ್ತದೆ, ಆರುವಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಆಂಟಿಬಾಡಿಯ ಲೈಟ್ ಚೈನ್ ಎಂದು ಎಡೆಲ್ಮನ್ ಮತ್ತು ಗ್ಯಾಲಿ ತೋರಿಸಿಕೊಟ್ಟಿದ್ದು 1962ರಲ್ಲಿ. ಅಂದರೆ ಮೊದಲ ಮಾರ್ಕರೇ ರೋಗನಿರೋಧಕ ವ್ಯವಸ್ಥೆಯ ಒಂದು ತುಣುಕು!

  

ಎಎಫ್‌ಪಿ ಭ್ರೂಣದ ಯಕೃತ್ತು ತಯಾರಿಸುವ ಪ್ರೋಟೀನ್. ಯಕೃತ್ತಿನ ಕ್ಯಾನ್ಸರಿನಲ್ಲಿ ಅದು ಮರಳಿ ಬರುತ್ತದೆಂದು 1963ರಲ್ಲಿ ಮಾಸ್ಕೋದ ಅಬೆಲೆವ್ ಇಲಿಗಳಲ್ಲಿ ಕಂಡುಕೊಂಡರು. ವೃಷಣದ ಶುದ್ಧ ಸೆಮಿನೋಮಾ ಇದನ್ನು ಸ್ರವಿಸುವುದಿಲ್ಲ. ವರದಿಯಲ್ಲಿ ಸೆಮಿನೋಮಾ ಎಂದಿದ್ದು ಎಎಫ್‌ಪಿ ಏರಿದ್ದರೆ, ಗಡ್ಡೆಯಲ್ಲಿ ಬೇರೆ ಅಂಶವೂ ಅಡಗಿದೆ ಎಂದೇ ತಿಳಿಯಿರಿ. ಪರೀಕ್ಷೆಗೂ ವಾರ್ಡಿಗೂ ಬೇಕಾದ ಮಾತಿದು.

ಸಿಇಎ? ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಸಿಎ 19-9? ಲೂಯಿಸ್ ರಕ್ತಗುಂಪಿನ ಆಂಟಿಜೆನ್ ಇಲ್ಲದವರ ದೇಹ ಅದನ್ನು ತಯಾರಿಸುವುದೇ ಇಲ್ಲವೆನ್ನಬಹುದು. ಮೇದೋಜೀರಕಾಂಗದ ಕ್ಯಾನ್ಸರ್ ಬೆಳೆದಿದ್ದರೂ ವರದಿ ಶಾಂತವಾಗಿರುತ್ತದೆ.

ಮೋಲಾರ್ ಗರ್ಭದಲ್ಲಿ ಎಚ್‌ಸಿಜಿ ಮಿತಿಮೀರಿದಾಗ ಪರೀಕ್ಷೆ ಕಡಿಮೆ ಎಂದು ತೋರಿಸಬಹುದು! ಒಂದೇ ಎಚ್‌ಸಿಜಿ ಕಣವನ್ನು ಎರಡು ಆಂಟಿಬಾಡಿಗಳು ಎರಡೂ ಬದಿಯಿಂದ ಹಿಡಿದರಷ್ಟೇ ಯಂತ್ರ ಎಣಿಸುತ್ತದೆ. ಕಣಗಳು ತುಂಬಿ ತುಳುಕಿದರೆ ಒಂದೊಂದು ಆಂಟಿಬಾಡಿಗೂ ಬೇರೆ ಬೇರೆ ಕಣ ಸಿಕ್ಕಿ ಜೋಡಿ ಕೂಡುವುದಿಲ್ಲ. ಇದೇ ಹುಕ್ ಎಫೆಕ್ಟ್. ಮಾದರಿಯನ್ನು ತೆಳುವಾಗಿಸಿ ಮತ್ತೆ ಪರೀಕ್ಷಿಸಿದರೆ ನಿಜ ಹೊರಬೀಳುತ್ತದೆ.

ನಮ್ಮ ದೇಶದ ವಿದ್ಯಾರ್ಥಿಗಳು ಮರೆಯಲೇಬಾರದ್ದು ಸಿಎ-125. ಮುಟ್ಟಿನಲ್ಲಿ, ಗರ್ಭಿಣಿಯರಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಏರಬಹುದು. ಹೊಟ್ಟೆಯ ಕ್ಷಯದಲ್ಲಂತೂ ನೂರಾರು ಯೂನಿಟ್ ಮುಟ್ಟಬಲ್ಲದು. ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಮೇಲೇರಿದ ಸಿಎ-125: ಮೂರೂ ಸೇರಿದರೆ ಅಂಡಾಶಯದ ಕ್ಯಾನ್ಸರ್ ಎಂದೇ ಅನ್ನಿಸುತ್ತದೆ. ಬಯಾಪ್ಸಿಯಲ್ಲಿ ಗ್ರ್ಯಾನ್ಯುಲೋಮಾ ಕಂಡು ಕ್ಷಯ ಖಚಿತವಾದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ. ಅಂಥ ಯುವತಿಯ ಮನೆಯವರಿಗೆ ಕ್ಯಾನ್ಸರ್ ಎಂಬ ಪದ ಹೇಳುವ ಮುನ್ನ ದಯವಿಟ್ಟು ಬಯಾಪ್ಸಿ ವರದಿಗೆ ಕಾಯಿರಿ.