ಗ್ರಹಣ, ಮಣ್ಣು, ವಂಶ: ಗ್ರಾಮೀಣ ವಿದ್ಯಾರ್ಥಿಗೆ ಮೂರು ಅನ್ವೇಷಣೆಗಳು

2019ನೆಯ ಇಸವಿ ಡಿಸೆಂಬರ್ 26ರ ಬೆಳಿಗ್ಗೆ ಸಂಭವಿಸಿದ ಸೂರ್ಯಗ್ರಹಣವು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣಗ್ರಹಣವಾಗಿಯೂ ಮಂಡ್ಯ, ಕಲಬುರಗಿಗಳಲ್ಲಿ ಪಾರ್ಶ್ವಗ್ರಹಣವಾಗಿಯೂ ಕಾಣಿಸಿತು. ಅಂದು ಕಲಬುರಗಿಯ ಸಮೀಪದ ತಾಜ್‌ಸುಲ್ತಾನಪುರದಲ್ಲಿ ಕೆಲವು ತಾಯಿತಂದೆಗಳು ಅಂಗವೈಕಲ್ಯವುಳ್ಳ ತಮ್ಮ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿರಿಸಿದ ಸಂಗತಿ ಪತ್ರಿಕೆಗಳಲ್ಲಿ ವರದಿಯಾಯಿತು. ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ವೈಕಲ್ಯವು ನೀಗುವುದೆಂಬುದು ಅವರ ನಂಬಿಕೆ.

ಅವರನ್ನು ಹಳಿಯುವುದು ಸುಲಭ. ಆದರೆ ‘ನಮ್ಮ ಮಗುವಿಗೆ ಹೀಗೇಕಾಯಿತು?’ ಎಂಬ ಅವರ ಪ್ರಶ್ನೆ ವಿಜ್ಞಾನದ ಪ್ರಶ್ನೆಯೂ ಹೌದು. ಆಕಾಶ, ಮಣ್ಣು, ದೇಹ ಈ ಮೂರನ್ನೂ ಅವರು ಒಂದೇ ಎಳೆಯಲ್ಲಿ ಕಟ್ಟಿದರು. ಆ ಎಳೆ ಎಷ್ಟು ಗಟ್ಟಿಯೆಂಬುದನ್ನು ಪರೀಕ್ಷಿಸುವ ಉಪಾಯವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂಥ ಗ್ರಾಮದಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ಈ ಮೂರು ಕ್ಷೇತ್ರಗಳಲ್ಲಿಯೂ ತನ್ನ ಊರಿನಲ್ಲಿಯೇ ಹೇಗೆ ಅನ್ವೇಷಣೆ ನಡೆಸಬಹುದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

1. ಆಕಾಶ

ಮೊದಲನೆಯ ಅನ್ವೇಷಣೆಗೆ ಒಂದು ಮೀಟರ್ ಉದ್ದದ ನೇರವಾದ ಕೋಲು ಸಾಕು. ನಮ್ಮ ಪ್ರಾಚೀನ ಜ್ಯೋತಿಷಿಗಳು ಇದನ್ನು ‘ಶಂಕು’ ಎಂದು ಕರೆದರು. ಕ್ಯಾತನಹಳ್ಳಿಯು ಸುಮಾರು 12½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಗಲಿರುಳುಗಳು ಸಮವಾಗುವ ವಿಷುವದ್ದಿನದಂದು, ನೆರಳು ಅತ್ಯಂತ ಗಿಡ್ಡವಾಗುವ ಮಧ್ಯಾಹ್ನದ ಹೊತ್ತಿನಲ್ಲಿ, ಸಮತಟ್ಟಾದ ಕಣದಲ್ಲಿ ನೆಟ್ಟ ಶಂಕುವಿನ ನೆರಳು ಇಲ್ಲಿ ಸುಮಾರು 22 ಸೆಂಟಿಮೀಟರ್ ಇರುತ್ತದೆ. ಅದೇ ದಿನ ವಿಜಯಪುರದಲ್ಲಿ ಅಷ್ಟೇ ಉದ್ದದ ಶಂಕುವಿನ ನೆರಳು ಸುಮಾರು 30 ಸೆಂಟಿಮೀಟರ್. ಈ ಎರಡು ನೆರಳುಗಳಿಂದ ದೊರೆಯುವ ಕೋನಗಳ ವ್ಯತ್ಯಾಸ ಸುಮಾರು 4.3 ಡಿಗ್ರಿ. ಎರಡು ಊರುಗಳ ನಡುವಣ ದಕ್ಷಿಣೋತ್ತರ ಅಂತರ ಸುಮಾರು 480 ಕಿಲೋಮೀಟರ್. 4.3 ಡಿಗ್ರಿಗೆ 480 ಆದರೆ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರ್. ಅದೇ ಭೂಮಿಯ ಸುತ್ತಳತೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ಥನೀಸನು ಅನುಸರಿಸಿದ ತರ್ಕವೂ ಇದೇ ಆಗಿದೆ.

ಏಪ್ರಿಲ್ 23 ಮತ್ತು ಆಗಸ್ಟ್ 20ರ ಸುಮಾರಿಗೆ ಸೂರ್ಯನು ಕ್ಯಾತನಹಳ್ಳಿಯ ನೆತ್ತಿಯ ಮೇಲೆಯೇ ಹಾಯುವುದರಿಂದ ಶಂಕುವಿನ ನೆರಳು ಕ್ಷಣಕಾಲ ಮಾಯವಾಗುತ್ತದೆ. ದಿನವನ್ನು ಮೊದಲೇ ಲೆಕ್ಕ ಹಾಕಿ, ಆ ದಿನ ನೆರಳು ಅಡಗುವುದನ್ನು ಕಣ್ಣಾರೆ ಕಂಡವನಿಗೆ ಗ್ರಹಣವು ಭಯದ ವಿಷಯವಾಗಿ ಉಳಿಯದು. ಗ್ರಹಣವೂ ಒಂದು ನೆರಳೇ. ಚಂದ್ರನು ಸೂರ್ಯನ ಬೆಳಕನ್ನು ಕೆಲಕಾಲ ತಡೆಯುತ್ತಾನೆ. ಹೊಸದಾಗಿ ಯಾವ ಕಿರಣವನ್ನೂ ಕಳುಹಿಸುವುದಿಲ್ಲ. ಆಗ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ಕಣ್ಣಿಗೆ ಹಾನಿ ನಿಶ್ಚಯ. ಗರ್ಭಸ್ಥ ಶಿಶುವಿಗೆ ಗ್ರಹಣದಿಂದ ಯಾವ ಹಾನಿಯೂ ಇಲ್ಲ.

2. ಮಣ್ಣು

ಪಾಂಡವಪುರದ ಬಳಿಯ ಕುಂತಿಬೆಟ್ಟದ ಬಂಡೆಗಳನ್ನು ಜನಪದವು ಪಾಂಡವರ ವನವಾಸದೊಡನೆ ಜೋಡಿಸಿದೆ. ಕಥೆಗೆ ಅದರದೇ ಆದ ಬೆಲೆಯುಂಟು. ಬಂಡೆಯ ವಯಸ್ಸನ್ನು ಮಾತ್ರ ಬಂಡೆಯನ್ನೇ ಕೇಳಬೇಕು. ಹಳೆಯ ಮೈಸೂರು ಸೀಮೆಯ ತಳಹದಿಯಾಗಿ ಹರಡಿರುವ ಪಟ್ಟೆಪಟ್ಟೆಯಾದ ಶಿಲೆಗೆ ‘ಪೆನಿನ್ಸುಲರ್ ನೀಸ್’ ಎಂದು ಹೆಸರಿಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು. ಇಂಥ ಶಿಲೆಗಳಲ್ಲಿರುವ ಜಿರ್ಕಾನ್ ಎಂಬ ಸಣ್ಣ ಹರಳುಗಳಲ್ಲಿ ಯುರೇನಿಯಂ ಧಾತುವು ನಿಯತವಾದ ವೇಗದಲ್ಲಿ ಸೀಸವಾಗಿ ಮಾರ್ಪಡುತ್ತಿರುತ್ತದೆ. ಉಳಿದ ಯುರೇನಿಯಂ ಎಷ್ಟು, ಉಂಟಾದ ಸೀಸ ಎಷ್ಟು ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ಈ ರೀತಿಯಲ್ಲಿ ನೀಸ್ ಶಿಲೆಯ ವಯಸ್ಸು 300 ಕೋಟಿ ವರ್ಷಗಳಷ್ಟೆಂದೂ ಕೆಲವೆಡೆ ಇನ್ನೂ ಹೆಚ್ಚೆಂದೂ ಗೊತ್ತಾಗಿದೆ.

ಈ ಶಿಲೆಯು ಬಿಸಿಲು, ಮಳೆ, ಬೇರುಗಳ ಕ್ರಿಯೆಯಿಂದ ಶಿಥಿಲವಾಗಿ ಮಣ್ಣಾಗುತ್ತದೆ. ಅದರಲ್ಲಿನ ಫೆಲ್ಸ್ಪಾರ್ ಜೇಡಿಯಾಗುತ್ತದೆ, ಬೆಣಚು ಮರಳಾಗಿ ಉಳಿಯುತ್ತದೆ, ಕಬ್ಬಿಣದ ಅಂಶ ತುಕ್ಕು ಹಿಡಿದು ಹೊಲಕ್ಕೆ ಕೆಂಪು ಬಣ್ಣವನ್ನು ಕೊಡುತ್ತದೆ. ಹಿಡಿ ಮಣ್ಣನ್ನು ಗಾಜಿನ ಜಾಡಿಯ ನೀರಿನಲ್ಲಿ ಕದಡಿ ಒಂದು ರಾತ್ರಿ ಬಿಟ್ಟರೆ ಮರಳು ತಳಕ್ಕೂ ಅದರ ಮೇಲೆ ಜೇಡಿಯೂ ಪದರಪದರವಾಗಿ ಕೂರುವುದನ್ನು ವಿದ್ಯಾರ್ಥಿಯು ನೋಡಬಹುದು. ಆ ಪದರಗಳಲ್ಲಿ ಮೂಳೆಯ ಅಥವಾ ನರದ ದೋಷವನ್ನು ತಿದ್ದುವ ವಸ್ತು ಯಾವುದೂ ಇಲ್ಲ. ಆದರೆ ಮಣ್ಣು, ನೀರುಗಳು ರೋಗಕ್ಕೆ ಎಂದಿಗೂ ಕಾರಣವಾಗವೆಂದು ಇದರಿಂದ ತಿಳಿಯಬಾರದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅತಿಯಾದರೆ ಹಲ್ಲು, ಮೂಳೆಗಳು ಕೆಡುತ್ತವೆ. ಹಾಗಾದರೆ ಮಣ್ಣಿನಿಂದ ಬಂದ ರೋಗ ಯಾವುದು, ವಂಶದಿಂದ ಬಂದುದು ಯಾವುದು ಎಂದು ನಿರ್ಣಯಿಸುವ ಬಗೆ ಹೇಗೆ?

3. ವಂಶ

ಈ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟ, ಮಂಡಿಗಳ ಕೀಲುಗಳನ್ನು ಕೆಡಿಸಿ ನಡಿಗೆಯನ್ನೇ ಕಸಿಯುವ ರೋಗವೊಂದು ವೈದ್ಯರ ಗಮನಕ್ಕೆ ಬಂದಿತು. ಕೀಟನಾಶಕ ಸೇರಿದ ಗದ್ದೆಗಳ ಏಡಿಗಳನ್ನು ತಿಂದುದೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಅನಂತರ ರೋಗಪೀಡಿತ ಕುಟುಂಬಗಳ ವಂಶವೃಕ್ಷಗಳನ್ನು ಬರೆದು ಪರಿಶೀಲಿಸಿದಾಗ ರೋಗವು ತಲೆಮಾರಿನಿಂದ ತಲೆಮಾರಿಗೆ, ತಂದೆ ಅಥವಾ ತಾಯಿಯಿಂದ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಇಳಿಯುತ್ತಿರುವುದು ಕಂಡುಬಂದಿತು. ಇದು ಪ್ರಬಲ ಜೀನಿನ ಲಕ್ಷಣ. ಅಂಥ ಒಂದು ಜೀನನ್ನು ಪಡೆದಿರುವವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಒಂದೇ ಕೇರಿಯ, ಒಂದೇ ನೀರು ಕುಡಿಯುವ ಮನೆಗಳಲ್ಲಿ ಕೆಲವಕ್ಕೆ ಮಾತ್ರ ರೋಗವಿದ್ದು, ಅದು ರಕ್ತಸಂಬಂಧವನ್ನೇ ಹಿಂಬಾಲಿಸಿದರೆ ಕಾರಣವನ್ನು ವಂಶದಲ್ಲಿ ಹುಡುಕಬೇಕೆಂಬುದು ಇಲ್ಲಿನ ಪಾಠ.

ಅಪ್ರಬಲ ಜೀನಿನ ರೀತಿ ಬೇರೆ. ಅದು ಒಂದೇ ಪ್ರತಿಯಾಗಿ ಇದ್ದರೆ ರೋಗ ತೋರದು. ತಾಯಿತಂದೆಗಳಿಬ್ಬರೂ ಅದರ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದಿರುವುದರಿಂದ ಈ ಲೆಕ್ಕವನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು. ಸೋದರಮಾವನಲ್ಲಿ ಅಂಥ ವಿರಳವಾದ ಜೀನ್ ಒಂದಿದ್ದರೆ ಅಕ್ಕನಲ್ಲಿ ಅದಿರುವ ಸಂಭವ ಎರಡರಲ್ಲಿ ಒಂದು, ಅಕ್ಕನ ಮಗಳಲ್ಲಿ ನಾಲ್ಕರಲ್ಲಿ ಒಂದು. ಆಗ ಅವರ ಮಗುವಿಗೆ ರೋಗದ ಸಂಭವ ಹದಿನಾರರಲ್ಲಿ ಒಂದು. ಸಮಾಜದಲ್ಲಿ ನೂರಕ್ಕೆ ಒಬ್ಬರು ಆ ಜೀನಿನ ವಾಹಕರೆಂದು ಭಾವಿಸಿದರೆ, ಸಂಬಂಧವಿಲ್ಲದ ಹೆಣ್ಣನ್ನು ತಂದಾಗ ಈ ಸಂಭವ ನಾನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರಾಗಿಯೇ ಇರುತ್ತಾರೆಂಬುದೂ, ಹುಟ್ಟಿನಿಂದ ಬರುವ ಎಲ್ಲ ವೈಕಲ್ಯವೂ ಆನುವಂಶಿಕವಲ್ಲವೆಂಬುದೂ ಇದರೊಡನೆಯೇ ನೆನಪಿರಬೇಕು. ಹೆರಿಗೆಯ ವೇಳೆ ಮಗುವಿನ ಮಿದುಳಿಗೆ ಪ್ರಾಣವಾಯು ಸಾಲದಿರುವುದೂ ವೈಕಲ್ಯಕ್ಕೆ ಒಂದು ಕಾರಣ.

ಈಗ ಗ್ರಹಣದ ನಂಬಿಕೆಯನ್ನು ಪರೀಕ್ಷಿಸಬಹುದು. ಗರ್ಭಿಣಿಯು ಗ್ರಹಣಕಾಲದಲ್ಲಿ ಹೊರಗೆ ಬಂದರೆ ಮಗುವಿಗೆ ಸೀಳುತುಟಿ ಬರುವುದೆಂಬ ಮಾತು ನಮ್ಮ ಹಳ್ಳಿಗಳಲ್ಲಿದೆ. ಮೇಲ್ದುಟಿಯು ಕೂಡಿಕೊಳ್ಳುವುದು ಗರ್ಭಧಾರಣೆಯ ಸುಮಾರು ಏಳನೆಯ ವಾರದೊಳಗೆ. ಐದನೆಯ ತಿಂಗಳಿನಲ್ಲಿ ಬಂದ ಗ್ರಹಣವು ಅದನ್ನು ಸೀಳಲಾರದು. ತಾಯಿತಂದೆಗಳಿಂದ ಇಳಿದ ಜೀನಾದರೋ ಗರ್ಭಧಾರಣೆಯ ಕ್ಷಣದಲ್ಲಿಯೇ ನಿಶ್ಚಿತವಾಗಿರುತ್ತದೆ.

4. ಅಧ್ಯಾಪಕರ ಹೊಣೆ

ಶಂಕುವಿನ ನೆರಳನ್ನು ಅಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ವಂಶವೃಕ್ಷವನ್ನು ಬರೆಯಲು ಬೇಕು. ನೆರೆಮನೆಯವರ ರೋಗವನ್ನು ಹೆಸರುಸಹಿತ ಬರೆದು ತರಗತಿಯಲ್ಲಿ ಓದುವುದು ಅನ್ವೇಷಣೆಯಲ್ಲ. ಆ ಮನೆಯ ಹೆಣ್ಣುಮಕ್ಕಳ ಮದುವೆಗೆ ಅದೇ ಅಡ್ಡಿಯಾದೀತು. ಆದುದರಿಂದ ವಿದ್ಯಾರ್ಥಿಯು ಮೊದಲು ಕಿವಿಹಾಲೆಯ ಆಕಾರದಂಥ ನಿರುಪದ್ರವಿ ಲಕ್ಷಣಗಳನ್ನು ತನ್ನ ಮನೆಯಲ್ಲಿಯೇ ಗುರುತಿಸಿ, ವಂಶವೃಕ್ಷವನ್ನು ಬರೆಯುವ ಕ್ರಮವನ್ನು ಅಭ್ಯಾಸ ಮಾಡಬೇಕು. ರೋಗದ ಸಂಶಯವಿರುವ ಕುಟುಂಬಕ್ಕೆ ವೈದ್ಯರ ಮತ್ತು ಆನುವಂಶಿಕ ಸಲಹೆಗಾರರ ದಾರಿಯನ್ನು ತೋರಿಸುವುದಷ್ಟೇ ಅವನ ಕೆಲಸ.

ಗ್ರಹಣದಲ್ಲಿ ಅಂಗಳಕ್ಕೆ ಬಂದಳೆಂಬ ಒಂದೇ ಕಾರಣಕ್ಕೆ ಮಗುವಿನ ವೈಕಲ್ಯದ ಅಪವಾದವನ್ನು ಬಾಳೆಲ್ಲಾ ಹೊರುವ ತಾಯಂದಿರು ನಮ್ಮ ನಡುವೆ ಇದ್ದಾರೆ. ನೆರಳನ್ನು ಅಳೆಯಬಲ್ಲ, ಮಣ್ಣನ್ನು ಬಲ್ಲ, ಅಪ್ರಬಲ ಜೀನಿನ ವಿಷಯದಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸಮವೆಂದು ಲೆಕ್ಕ ಹಾಕಿ ತೋರಿಸಬಲ್ಲ ಒಬ್ಬ ವಿದ್ಯಾರ್ಥಿಯು ಆ ಮನೆಗಳಲ್ಲಿದ್ದರೆ ಆ ಭಾರ ಇಳಿಯುತ್ತದೆ. ನಮ್ಮ ವಿಜ್ಞಾನ ಬೋಧನೆಯು ಫಲಿಸಿತೆ ಎಂಬುದನ್ನು ಪರೀಕ್ಷೆಯ ಅಂಕಗಳಿಂದ ಮಾತ್ರವಲ್ಲದೆ ಇದರಿಂದಲೂ ಅಳೆಯಬೇಕಾಗಿದೆ.