ಚಿನ್ನ ಹೊದ್ದ ಹಂಪಿಯ ಬಿಲ್ಲು

ಹಂಪಿಗೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಸೇನೆಯಲ್ಲಿ ಚಿನ್ನ, ಬೆಳ್ಳಿ ಹೊದಿಸಿದ ಬಿಲ್ಲುಗಳನ್ನು ಕಂಡು ಬರೆದಿದ್ದಾನೆ. ಅದಕ್ಕೂ ಮುಂಚೆ ಎರಡನೇ ದೇವರಾಯ (1424–1446) ಮುಸ್ಲಿಂ ಬಿಲ್ಗಾರರನ್ನು ಸೇನೆಗೆ ಸೇರಿಸಿಕೊಂಡನೆಂದು ಇತಿಹಾಸಕಾರ ಫೆರಿಶ್ತಾ ಹೇಳುತ್ತಾನೆ.

ಆದರೆ ಬಿಲ್ಲಿನ ಕಸುವು ಚಿನ್ನದಲ್ಲಿಲ್ಲ. ಹೆದೆ ಎಳೆದಾಗ ಬಿಲ್ಲಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಮನೆಯಲ್ಲೇ ಬಿದಿರಿನ ಬಿಲ್ಲು ಮಾಡುವವರು ನಾರು ದಟ್ಟವಾಗಿರುವ ಸಿಪ್ಪೆಯ ಬದಿಯನ್ನು ಸಾಮಾನ್ಯವಾಗಿ ಹೊರಗಿಟ್ಟು, ಒಳಬದಿಯನ್ನಷ್ಟೇ ಹೆರೆಯುತ್ತಾರೆ. ಆಗಾಗ ಬಾಗಿಸಿ ನೋಡಿ, ಬಿಗಿಯಾಗಿರುವ ಕಡೆ ಇನ್ನಷ್ಟು ಹೆರೆದರೆ ಎರಡೂ ತುದಿ ಸಮನಾಗಿ ಬಾಗುತ್ತವೆ. ಆತುರ ಇಲ್ಲಿ ಸಲ್ಲದು. ಸಿಪ್ಪೆಗೆ ಆಳವಾದ ಗೀರು ಬಿದ್ದರೆ ಬಿಲ್ಲು ಅಲ್ಲೇ ಸೀಳಬಹುದು. ಏಷ್ಯಾದ ಕುದುರೆ ಸವಾರರ ಬಿಲ್ಲಿನಲ್ಲೂ ಇದೇ ಸೊಗಸಾದ ಲೆಕ್ಕ: ಹೊರಗೆ ಪ್ರಾಣಿಯ ಸ್ನಾಯುನಾರು, ನಡುವೆ ಮರ, ಒಳಗೆ ಕೊಂಬು.