ಚಾಪೆಯ ಕೆಳಗಲ್ಲ, ರಂಗೋಲಿಯ ಕೆಳಗೆ

ಸಾಬೂನು ಕೊಳ್ಳುವ ಕೂಲಿಕಾರನೂ ತೆರಿಗೆ ಕೊಡುತ್ತಾನೆ. ತಪ್ಪಿಸಿಕೊಳ್ಳಲು ಅವನಿಗೆ ದಾರಿಯಿಲ್ಲ. ಕೋಟಿಗಟ್ಟಲೆ ವ್ಯವಹಾರದ ಕಂಪನಿಗಳಿಗೆ ಮಾತ್ರ ಆ ದಾರಿ ದೊರೆಯುವುದೆಂತು? ನ್ಯಾಯವಾದಿಯಾದ ನನ್ನನ್ನು ಪೋಷಕರು ಆಗಾಗ ಕೇಳುವ ಪ್ರಶ್ನೆಯಿದು.

ಮೊದಲು ಒಂದು ಭೇದವನ್ನು ಅರಿಯಬೇಕು. ಆದಾಯವನ್ನು ಬಚ್ಚಿಡುವುದು, ಸುಳ್ಳು ಲೆಕ್ಕ ಬರೆಯುವುದು ತೆರಿಗೆ ವಂಚನೆ, ಅದು ಅಪರಾಧ. ಕಾನೂನಿನ ಅಕ್ಷರಕ್ಕೆ ಚ್ಯುತಿ ಬಾರದಂತೆ ವ್ಯವಹಾರವನ್ನು ಹೆಣೆದು ಹೊರೆ ಇಳಿಸಿಕೊಳ್ಳುವುದು ತೆರಿಗೆ ನುಣುಚಿಕೆ. ಮೊದಲನೆಯದು ಚಾಪೆಯ ಕೆಳಗೆ ತೂರುವ ಬಗೆ. ಎರಡನೆಯದು ರಂಗೋಲಿಯ ಕೆಳಗೆ ತೂರುವ ಜಾಣ್ಮೆ.

2007ರಲ್ಲಿ ವೊಡಾಫೋನ್ ಸಂಸ್ಥೆಯು ಹಚಿಸನ್ ಸಮೂಹಕ್ಕೆ ಭಾರತದ ಮೊಬೈಲ್ ಉದ್ಯಮದಲ್ಲಿದ್ದ ಪಾಲನ್ನು ಸುಮಾರು 1,100 ಕೋಟಿ ಡಾಲರಿಗೆ ಪಡೆಯಿತು. ಗ್ರಾಹಕರೂ ಗೋಪುರಗಳೂ ಇದ್ದುದು ಭಾರತದಲ್ಲಿ. ಮಾರಾಟವಾದದ್ದು ಕೇಮನ್ ದ್ವೀಪದ ಕಂಪನಿಯೊಂದರ ಷೇರು. ಆದಾಯ ತೆರಿಗೆ ಇಲಾಖೆ ಸುಮಾರು 11,000 ಕೋಟಿ ರೂಪಾಯಿ ಕೇಳಿತು. ಅಂದಿನ ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 2012ರ ಜನವರಿ 20ರಂದು ತೀರ್ಪಿತ್ತಿತು.

ನುಣುಚಿಕೆಗೆ ಇಂಬು ಕೊಡುವ ಕಾರಣಗಳು ಹಲವು. ಕಾನೂನಿನ ಪದಗಳ ನಡುವಣ ಬಿರುಕು ಒಂದು. ದೇಶದೇಶಗಳ ತೆರಿಗೆ ದರದ ಅಂತರ ಇನ್ನೊಂದು. ಕೇಮನ್‌ನಲ್ಲಿ ಕಂಪನಿಗಳಿಗೆ ಆದಾಯ ತೆರಿಗೆಯೇ ಇಲ್ಲ. ಮೂರನೆಯದು ಒಪ್ಪಂದಗಳು: ಮಾರಿಷಸ್ ಮೂಲಕ ಬಂದ ಹೂಡಿಕೆದಾರರು ಇಲ್ಲಿ ಷೇರು ಮಾರಿ ಗಳಿಸಿದ ಲಾಭಕ್ಕೆ ದೀರ್ಘಕಾಲ ಭಾರತದಲ್ಲಿ ತೆರಿಗೆಯಿರಲಿಲ್ಲ, ಆ ಒಪ್ಪಂದ ತಿದ್ದುಪಡಿಯಾದದ್ದು 2016ರಲ್ಲಿ. ನಾಲ್ಕನೆಯದು ಆಸ್ತಿಯ ಸ್ವರೂಪ. ಹೊಲ ನೆಲಕ್ಕೆ ಅಂಟಿದೆ. ಬ್ರ್ಯಾಂಡ್, ಪೇಟೆಂಟುಗಳನ್ನು ಕಾಗದದ ಮೇಲೆಯೇ ಗಡಿ ದಾಟಿಸಬಹುದು. ಸಿಕ್ಕಿಬೀಳುವ ಭಯ, ಹೆಸರು ಕೆಡುವ ಅಳುಕು ಕಡಿಮೆಯಾದಷ್ಟೂ ಈ ಸಾಹಸ ಹೆಚ್ಚುತ್ತದೆ.

ಮದ್ದೇನು? ತೀರ್ಪು ಬಂದ ವರ್ಷವೇ ಸರ್ಕಾರ ಪೂರ್ವಾನ್ವಯವಾಗುವಂತೆ ಕಾನೂನು ತಿದ್ದಿತು. ಆಟ ಮುಗಿದ ಮೇಲೆ ನಿಯಮ ಬದಲಿಸಿದಂತಾಯಿತೆಂಬ ಟೀಕೆ ಎದ್ದಿತು. 2021ರಲ್ಲಿ ಆ ಹೆಜ್ಜೆಯನ್ನು ಹಿಂತೆಗೆಯಬೇಕಾಯಿತು. ತೆರಿಗೆ ಲಾಭವೇ ಮುಖ್ಯ ಉದ್ದೇಶವಾಗಿ, ವಾಣಿಜ್ಯದ ತಿರುಳಿಲ್ಲದ ಏರ್ಪಾಡುಗಳನ್ನು ತಳ್ಳಿಹಾಕುವ ನಿಯಮ 2017ರಿಂದ ಜಾರಿಯಲ್ಲಿದೆ. ಬೃಹತ್ ಕಂಪನಿಗಳಿಗೆ ಕನಿಷ್ಠ 15 ಶೇಕಡಾ ತೆರಿಗೆಯೆಂಬ ಸೂತ್ರಕ್ಕೆ 2021ರಲ್ಲಿ 130ಕ್ಕೂ ಹೆಚ್ಚು ರಾಷ್ಟ್ರಗಳು ಒಪ್ಪಿವೆ.

ಮುಂಚಿತವಾಗಿ, ಸ್ಪಷ್ಟವಾಗಿ ಬರೆದ ಕಾನೂನೇ ಗಟ್ಟಿ ಬೇಲಿ. ಅನುದಾನಿತ ಕನ್ನಡ ಶಾಲೆಯ ಶಿಕ್ಷಕರ ವೇತನ ಬರುವುದು ಸರ್ಕಾರದ ಬೊಕ್ಕಸದಿಂದ. ದೊಡ್ಡವರು ತುಂಬದೆ ಉಳಿಸಿದ ಪಾಲನ್ನು ಒಂದೋ ಸಾಬೂನು ಕೊಳ್ಳುವವನು ತುಂಬಬೇಕು, ಇಲ್ಲವೇ ಶಾಲೆ ಕಳೆದುಕೊಳ್ಳಬೇಕು.